ಡಯಟ್ ಮಾಡುವಾಗ ಊಟ ಆದಮೇಲೆ ಚಳಿ ಯಾಕೆ? ಹಂತ ಹಂತವಾಗಿ ಸರಿಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಊಟ ಮಾಡಿದರೆ ಮೈ ಬೆಚ್ಚಗಾಗಬೇಕು. ತೂಕ ಇಳಿಸಲು ಹೊರಟ ಬಹಳ ಜನಕ್ಕೆ ಇದು ಉಲ್ಟಾ ಆಗುತ್ತದೆ. ತಟ್ಟೆ ಖಾಲಿಯಾಗಿ ಹತ್ತು ನಿಮಿಷಕ್ಕೆ ಬೆರಳ ತುದಿ ತಣ್ಣಗಾಗುತ್ತದೆ, ಬೆನ್ನಲ್ಲಿ ಸಣ್ಣ ನಡುಕ ಬರುತ್ತದೆ. ಮನೆಯವರೆಲ್ಲ "ಏನು ಸೆಕೆ" ಅಂತ ಬೀಸಿಕೊಳ್ಳುತ್ತಿರುವಾಗ ನೀವು ಫ್ಯಾನ್ ಆಫ್ ಮಾಡಲು ಎದ್ದಿರುತ್ತೀರಿ.

ಜಿಮ್ಮಿನಲ್ಲಿ ಕೇಳಿದರೆ "ಕೊಬ್ಬು ಕರಗ್ತಾ ಇದೆ, ಒಳ್ಳೇದೇ" ಅನ್ನುವವರು ಸಿಗುತ್ತಾರೆ. ಅದು ತಪ್ಪು. ಕೊಬ್ಬು ಉರಿದರೆ ಶಾಖ ಹುಟ್ಟುತ್ತದೆ, ಚಳಿ ಅಲ್ಲ. ಚಳಿ ಆಗುತ್ತಿದೆ ಅಂದರೆ ಸಾಮಾನ್ಯವಾಗಿ ದೇಹ ಶಾಖವನ್ನು ಉಳಿತಾಯ ಮಾಡಲು ಶುರು ಮಾಡಿದೆ ಅಂತ ಅರ್ಥ. ಹಾಗಾಗಿ ಶಾಲು ಹೊದ್ದು ಸುಮ್ಮನಾಗುವುದಕ್ಕಿಂತ ಮೊದಲು ತಟ್ಟೆಯನ್ನು ನೋಡಬೇಕು, ಅದಾದ ಮೇಲೆ ರಕ್ತಪರೀಕ್ಷೆಯನ್ನು.

ಮೈಯೊಳಗೆ ಏನಾಗುತ್ತದೆ

ಊಟ ಹೊಟ್ಟೆಗೆ ಹೋದ ಕೂಡಲೇ ಜಠರಕ್ಕೆ, ಕರುಳಿಗೆ ರಕ್ತ ಜಾಸ್ತಿ ಬೇಕಾಗುತ್ತದೆ. ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳಲು ದೇಹ ಬೇರೆ ಕಡೆಯ ರಕ್ತನಾಳಗಳನ್ನು ಸ್ವಲ್ಪ ಬಿಗಿ ಮಾಡುತ್ತದೆ. ಕೈಕಾಲಿನ ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾದರೆ ಬೆರಳು ತಣ್ಣಗಾಗುತ್ತದೆ. ಚೆನ್ನಾಗಿ ಉಂಡವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಜೀರ್ಣ ಮಾಡುವ ಕೆಲಸದಿಂದಲೇ ಶಾಖ ಹುಟ್ಟುತ್ತದೆ. ಪ್ರೋಟೀನಿನಲ್ಲಿರುವ ಕ್ಯಾಲರಿಯಲ್ಲಿ ಶೇ. 20ರಿಂದ 30ರಷ್ಟು ಹೀಗೆ ಶಾಖವಾಗಿ ಹೋಗುತ್ತದೆ. ಅನ್ನ, ರಾಗಿ, ಗೋಧಿಯಂಥ ಪಿಷ್ಟದಲ್ಲಿ ಶೇ. 5ರಿಂದ 10, ಎಣ್ಣೆ ತುಪ್ಪದಲ್ಲಿ ಶೇ. 3ರ ಒಳಗೆ. ಎಲ್ಲ ಸೇರಿದ ಊಟಕ್ಕೆ ಸುಮಾರು ಶೇ. 10 ಅಂದುಕೊಳ್ಳಿ.

ಈಗ ಒಂದು ಡಯಟ್ ಊಟದ ಲೆಕ್ಕ ನೋಡೋಣ. ಫ್ರಿಜ್ಜಿನಿಂದ ತೆಗೆದ ಸೌತೆ, ಟೊಮೆಟೊ, ಕ್ಯಾರೆಟ್ ಸೇರಿ 200 ಗ್ರಾಂ. ಒಂದು ಹಿಡಿ ಮೊಳಕೆ ಹೆಸರುಕಾಳು. ಒಂದು ತೆಳು ಚಪಾತಿ. ಮೇಲೆ 300 ಮಿಲಿ ತಣ್ಣನೆ ಮಜ್ಜಿಗೆ. ಒಟ್ಟು ಅಂದಾಜು 250 ಕ್ಯಾಲರಿ, ಅಂದರೆ ಜೀರ್ಣದಿಂದ ಹುಟ್ಟುವ ಶಾಖ ಸುಮಾರು 25 ಕ್ಯಾಲರಿ, ಅದೂ ಮೂರ್ನಾಲ್ಕು ಗಂಟೆಗಳಲ್ಲಿ ಹಂಚಿಕೊಂಡು. ಇತ್ತ 5 ಡಿಗ್ರಿಯ ಮಜ್ಜಿಗೆಯನ್ನು ಮೈಯ 37 ಡಿಗ್ರಿಗೆ ತರಲು ಹತ್ತಿರ ಹತ್ತಿರ 10 ಕ್ಯಾಲರಿ ಬೇಕು. ತಣ್ಣನೆ ತರಕಾರಿಗೆ ಇನ್ನೊಂದು 6. ಈ 16 ಕ್ಯಾಲರಿ ಮೊದಲ ಅರ್ಧ ಗಂಟೆಯಲ್ಲೇ ಖರ್ಚಾಗುತ್ತದೆ. ಬರಬೇಕಾದ ಶಾಖ ಇನ್ನೂ ದಾರಿಯಲ್ಲಿದೆ, ಹೋಗಬೇಕಾದ್ದು ಆಗಲೇ ಹೋಗಿದೆ. ಊಟ ಆದ ಕೂಡಲೇ ನಡುಕ ಬರುವುದರಲ್ಲಿ ಆಶ್ಚರ್ಯ ಏನಿದೆ?

ಇದು ಒಂದು ಊಟದ ಕಥೆ. ವಾರಗಟ್ಟಲೆ ಕಡಿಮೆ ತಿಂದರೆ ಇನ್ನೂ ಆಳದಲ್ಲಿ ಬದಲಾವಣೆ ಆಗುತ್ತದೆ. ಮೈಯಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಅಂತ ಮಿದುಳಿಗೆ ತಿಳಿಸುವ ಲೆಪ್ಟಿನ್ ಅನ್ನುವ ಹಾರ್ಮೋನು ಇಳಿಯುತ್ತದೆ. ಥೈರಾಯ್ಡಿನ ಕೆಲಸ ಮಾಡುವ ರೂಪವಾದ ಟಿ3 ಕಡಿಮೆಯಾಗುತ್ತದೆ. ಸುಮ್ನೆ ಕೂತಾಗ ದೇಹ ಉರಿಸುವ ಕ್ಯಾಲರಿ ತಗ್ಗುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದರು. ದಿನಕ್ಕೆ ಸರಾಸರಿ 1,570 ಕ್ಯಾಲರಿ, ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಅವರು ತೂಕದ ಕಾಲು ಭಾಗ ಕಳೆದುಕೊಂಡರು, ನಾಡಿಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಹೆಚ್ಚಿನ ಹೊದಿಕೆ ಕೇಳಿದರು. ಅವರು ಎತ್ತರದ, ಓಡಾಡುವ ಗಂಡಸರು, ನಿಜ. ನಮ್ಮ ಅಗತ್ಯ ಅವರಷ್ಟಿಲ್ಲ. ಆದರೂ ದಿನಕ್ಕೆ 800 ಕ್ಯಾಲರಿಯ ಚಾರ್ಟನ್ನು ವಾಟ್ಸಾಪಿನಲ್ಲಿ ಹಂಚುವವರು ಈ 1,570ನ್ನು ಒಮ್ಮೆ ನೋಡಬೇಕು.

ಹಂತ 1: ಚಳಿ ಯಾವಾಗ ಬರುತ್ತದೆ ಅಂತ ಬರೆದಿಡಿ

ಮೂರ್ನಾಲ್ಕು ದಿನ ಸಾಕು. ಫೋನಿನಲ್ಲೋ ಕ್ಯಾಲೆಂಡರಿನ ಹಿಂದೆಯೋ ಬರೆಯಿರಿ: ಎಷ್ಟು ಹೊತ್ತಿಗೆ ಉಂಡಿರಿ, ಏನು, ಎಷ್ಟು, ಬಿಸಿಯೋ ತಣ್ಣಗೋ, ಚಳಿ ಎಷ್ಟು ಹೊತ್ತಿಗೆ ಬಂತು, ಜೊತೆಗೆ ಬೇರೆ ಏನಾಯಿತು.

ಚಳಿ ಬರುವ ಹೊತ್ತೇ ಅರ್ಧ ಕಾರಣ ಹೇಳುತ್ತದೆ. ಊಟದ ನಡುವೆ ಅಥವಾ ಅರ್ಧ ಗಂಟೆಯೊಳಗೆ ಬಂದು, ಒಂದು ಗಂಟೆಗೆ ಹೋಗುವುದಾದರೆ ಅದು ಮೇಲೆ ಹೇಳಿದ ಲೆಕ್ಕ. ಊಟ ತೀರಾ ಚಿಕ್ಕದು, ತೀರಾ ತಣ್ಣನೆಯದು, ಅಥವಾ ನೀವು ಕೂತ ಜಾಗ ಎಸಿ ಕೆಳಗೆ. ಬೆಳಗಿನಿಂದ ರಾತ್ರಿವರೆಗೂ ಚಳಿ ಇದ್ದು ಊಟದ ನಂತರ ಜಾಸ್ತಿ ಆಗುವುದಾದರೆ, ಒಟ್ಟು ಕ್ಯಾಲರಿಯ ಕೊರತೆ, ರಕ್ತಹೀನತೆ ಅಥವಾ ಥೈರಾಯ್ಡ್ ಕಡೆ ನೋಡಬೇಕು. ಊಟವಾಗಿ ಎರಡರಿಂದ ನಾಲ್ಕು ಗಂಟೆಗೆ ತಣ್ಣನೆ ಬೆವರು, ಕೈ ನಡುಕ, ಎದೆ ಬಡಿತ, ತಡೆಯಲಾರದ ಹಸಿವು ಒಟ್ಟಿಗೆ ಬಂದರೆ ಅದು ಬೇರೆಯೇ ವಿಷಯ. ಅದು ಸಕ್ಕರೆ ಇಳಿದ ಲಕ್ಷಣ ಇರಬಹುದು.

ಥರ್ಮಾಮೀಟರ್ ಮನೆಯಲ್ಲಿದ್ದರೆ ಚಳಿ ಬಂದಾಗ ಒಮ್ಮೆ ನೋಡಿ, ಆದರೆ ಬಿಸಿ ಅಥವಾ ತಣ್ಣನೆಯದನ್ನು ತಿಂದು ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಜ್ವರ ಇದ್ದರೆ ಡಯಟ್ಟಿನ ಮೇಲೆ ತಪ್ಪು ಹೊರಿಸಬೇಡಿ. ನಡುಗಿಸುವ ಚಳಿಜ್ವರಕ್ಕೆ ಮಲೇರಿಯಾ, ಡೆಂಗಿ, ಮೂತ್ರದ ಸೋಂಕು ಹೀಗೆ ನೂರು ಕಾರಣ ಇರುತ್ತದೆ.

ಹಂತ 2: ಕಾಯಬಾರದ ಸಂದರ್ಭಗಳನ್ನು ಮೊದಲೇ ಬೇರೆ ಮಾಡಿ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಕಡಿಮೆ ಮಾಡಲೇಬಾರದು. ಮಾತ್ರೆ ಹಳೇ ಊಟದ ಲೆಕ್ಕದಲ್ಲಿರುತ್ತದೆ, ಊಟ ಹೊಸ ಲೆಕ್ಕದಲ್ಲಿರುತ್ತದೆ. ತಣ್ಣನೆ ಬೆವರು, ನಡುಕ ಬಂದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕುಡಿಯಿರಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಕ್ಕರೆ ನೀರು ಮೊದಲು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ವಯಸ್ಸಾದವರಿಗೆ ಊಟ ಆದ ಎರಡು ಗಂಟೆಯೊಳಗೆ ತಲೆಸುತ್ತು, ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡ ಇಳಿಯುತ್ತಿರಬಹುದು. ಬೆರಳು ಬಿಳಿಚಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುವುದಾದರೆ ಅದು ರೇನಾಡ್ಸ್, ಅಂದರೆ ಬೆರಳಿನ ರಕ್ತನಾಳ ಅತಿಯಾಗಿ ಬಿಗಿಯಾಗುವ ತೊಂದರೆ, ಇರಬಹುದು. ಮುಟ್ಟು ನಿಂತಿದ್ದರೆ, ತಲೆಕೂದಲು ಹಿಡಿ ಹಿಡಿ ಬರುತ್ತಿದ್ದರೆ, ಎದ್ದು ನಿಂತಾಗ ಬೀಳುವಂತಾದರೆ, ತಿನ್ನಲು ಭಯ ಆಗುತ್ತಿದ್ದರೆ ಡಯಟ್ ಅಲ್ಲಿಗೇ ನಿಲ್ಲಲಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಮಾರ್ಗದರ್ಶಿಯ ಲೆಕ್ಕವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಬೊಜ್ಜಿನ ಆಪರೇಷನ್ ಆದವರು, ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನೇ ಕೇಳುವುದು ಒಳ್ಳೆಯದು. ಆ ಇಂಜೆಕ್ಷನ್ನಿನಲ್ಲಿ ಹಸಿವೇ ಸತ್ತುಹೋಗಿರುತ್ತದೆ, ಎಷ್ಟು ಕಡಿಮೆ ತಿನ್ನುತ್ತಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ.

ಹಂತ 3: ಎಷ್ಟು ಕಡಿಮೆ ತಿನ್ನುತ್ತಿದ್ದೀರಿ ಅಂತ ಲೆಕ್ಕ ಹಾಕಿ

ದೇಹಕ್ಕೆ ಎಷ್ಟು ಕ್ಯಾಲರಿ ಬೇಕು ಅಂತ ತಿಳಿಯಲು ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಸಾಕು. ತೂಕವನ್ನು 10ರಿಂದ ಗುಣಿಸಿ, ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಲ್ಲಿ ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ.

62 ಕೆಜಿ, 157 ಸೆಂಟಿಮೀಟರ್, 34 ವರ್ಷದ ಹೆಂಗಸು ಅಂದುಕೊಳ್ಳಿ. 620 ಕೂಡಿಸು 981, ಕಳೆ 170, ಕಳೆ 161. ಬಂದದ್ದು 1,270. ಇದು ಹಾಸಿಗೆಯಿಂದ ಏಳದೆ ಮಲಗಿದ್ದರೂ ದೇಹ ಉರಿಸುವ ಕ್ಯಾಲರಿ. ಮನೆಗೆಲಸ, ಆಫೀಸು, ವಾರಕ್ಕೆ ಎರಡು ಮೂರು ದಿನ ವಾಕಿಂಗ್ ಇದ್ದರೆ ಇದನ್ನು 1.375ರಿಂದ ಗುಣಿಸಿ: ಸುಮಾರು 1,750. ದಿನವಿಡೀ ಕೂತೇ ಇರುವವರಾದರೆ 1.2ರಿಂದ ಗುಣಿಸಿ: ಸುಮಾರು 1,520. ತೂಕ ಇಳಿಸಲು ಇದರಲ್ಲಿ ಶೇ. 15ರಿಂದ 20 ಕಡಿಮೆ ಮಾಡಿದರೆ ಸಾಕು. ಮೊದಲನೆಯ ಲೆಕ್ಕದಲ್ಲಿ ಅದು 1,400ರಿಂದ 1,490.

ಈಗ ನೀವು ನಿಜವಾಗಿ ತಿನ್ನುತ್ತಿರುವುದನ್ನು ಬರೆದು ನೋಡಿ. ಚಳಿಯ ದೂರು ಹೇಳುವವರಲ್ಲಿ ಎಷ್ಟೋ ಜನ 900, 1,000ದ ಆಸುಪಾಸಿನಲ್ಲಿರುತ್ತಾರೆ. ಬೆಳಗ್ಗೆ ನಿಂಬೆ ನೀರು, ಮಧ್ಯಾಹ್ನ ಮೇಲೆ ಹೇಳಿದ ಊಟ, ರಾತ್ರಿ ಒಂದು ಬಟ್ಟಲು ಸೂಪು, ಅಷ್ಟೇ. ಜೊತೆಗೆ ಒಂದು ಗಂಟೆ ಜುಂಬಾ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಅರ್ಧ ಕೆಜಿ ಇಳಿಯುವುದು ಸುರಕ್ಷಿತ, ತೂಕ ಇಳಿಸುವ ಆಹಾರ ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗೆ ಹೋಗಬಾರದು. ಆ 1,000ವನ್ನು ಗುರಿ ಅಂತ ತಿಳಿಯಬೇಡಿ, ಅದು ಕೊನೆಯ ಗೆರೆ. ಮೊದಲೆರಡು ವಾರ ನೀರಿನ ತೂಕ ಹೋಗುವುದರಿಂದ ವೇಗ ಜಾಸ್ತಿ ಕಾಣುತ್ತದೆ. ಅದಾದ ಮೇಲೂ ವಾರಕ್ಕೆ ಒಂದು ಕೆಜಿ ಇಳಿಯುತ್ತಿದ್ದು ಮೈ ತಣ್ಣಗಿದ್ದರೆ, ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

1,000ದಿಂದ 1,450ಕ್ಕೆ ಒಮ್ಮೆಲೇ 450 ಕ್ಯಾಲರಿ ಹೆಚ್ಚಿಸಲು ಮನಸ್ಸು ಒಪ್ಪದಿದ್ದರೆ ಮೊದಲ ವಾರ 150–200 ಸೇರಿಸಿ, ಅದನ್ನು ಚಳಿ ಬರುವ ಊಟಕ್ಕೇ ಸೇರಿಸಿ. ಮುಂದಿನ ವಾರ ಇನ್ನಷ್ಟು. ತಕ್ಕಡಿ ಅರ್ಧ, ಒಂದು ಕೆಜಿ ಮೇಲೆ ತೋರಿಸಬಹುದು. ಅದು ಕೊಬ್ಬಲ್ಲ, ಕರುಳಿನಲ್ಲಿರುವ ಊಟ ಮತ್ತು ಪಿಷ್ಟದ ಜೊತೆ ದೇಹ ಹಿಡಿದಿಟ್ಟ ನೀರು.

ಹಂತ 4: ಮಧ್ಯಾಹ್ನದ ತಟ್ಟೆ ಬದಲಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಬೇಗ ಫಲ ಕೊಡುವುದು ಇದೇ. ನಮ್ಮ ಅಡುಗೆಮನೆಯಲ್ಲೇ ಬೇಕಾದ್ದೆಲ್ಲ ಇರುವಾಗ ಐಸ್‌ಬರ್ಗ್ ಸೊಪ್ಪಿನ ಸಲಾಡಿಗೆ ಗಂಟು ಬೀಳುವುದು ಯಾಕೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಒಂದು ತಟ್ಟೆ ಹೀಗಿರಲಿ: 60 ಗ್ರಾಂ ರಾಗಿಹಿಟ್ಟಿನ ಒಂದು ಸಣ್ಣ ಮುದ್ದೆ. 40 ಗ್ರಾಂ ಹುರುಳಿಕಾಳು ಬೇಯಿಸಿದ ಸಾರು, ಬರೀ ಕಟ್ಟು ಅಲ್ಲ, ಕಾಳೂ ಸೇರಿ. ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಿದ ದಂಟು ಅಥವಾ ನುಗ್ಗೆಸೊಪ್ಪಿನ ಪಲ್ಯ, ಮೇಲೆ ಅರ್ಧ ಹೋಳು ನಿಂಬೆರಸ. ಒಂದು ಬೇಯಿಸಿದ ಮೊಟ್ಟೆ, ತಿನ್ನದವರಿಗೆ 40 ಗ್ರಾಂ ಪನೀರ್. ಕೊನೆಗೆ ಅರ್ಧ ಬಟ್ಟಲು ಮೊಸರು, ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟದ್ದು. ಒಟ್ಟು ಸುಮಾರು 540 ಕ್ಯಾಲರಿ, 24 ಗ್ರಾಂ ಪ್ರೋಟೀನ್. 1,450ರ ದಿನದಲ್ಲಿ ಇದಕ್ಕೆ ಧಾರಾಳವಾಗಿ ಜಾಗ ಇದೆ: ತಿಂಡಿಗೆ 350, ಸಂಜೆಗೆ 120, ರಾತ್ರಿಗೆ 440 ಉಳಿಯುತ್ತದೆ. ಉತ್ತರ ಕರ್ನಾಟಕದವರು ಮುದ್ದೆಯ ಜಾಗಕ್ಕೆ ಎರಡು ತೆಳು ಜೋಳದ ರೊಟ್ಟಿ, ಕಾಳಿನ ಪಲ್ಯ, ಒಂದು ಚಮಚ ಅಗಸಿ ಚಟ್ನಿಪುಡಿ ಇಟ್ಟುಕೊಳ್ಳಿ. ಕರಾವಳಿಯವರಿಗೆ ಬಿಸಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಗಸಿ ಅಥವಾ ಮೀನು ಇದೆ. ಗಂಜಿ ಮಾತ್ರ ಕುಡಿದು ಏಳಬೇಡಿ, ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ.

ಪ್ರೋಟೀನ್ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಇರಲಿ. 62 ಕೆಜಿಯವರಿಗೆ 62ರಿಂದ 75 ಗ್ರಾಂ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ಅನ್ನ, ಮುದ್ದೆ, ರೊಟ್ಟಿ ಪೂರಾ ಬಿಟ್ಟವರಲ್ಲಿ ಚಳಿ ಜಾಸ್ತಿ ಕಾಣುತ್ತದೆ, ಏಕೆಂದರೆ ಪಿಷ್ಟ ತೀರಾ ಕಡಿಮೆಯಾದರೆ ಟಿ3 ಇನ್ನಷ್ಟು ಇಳಿಯುತ್ತದೆ. ಅರ್ಧ ಮಾಡಿ, ಸೊನ್ನೆ ಮಾಡಬೇಡಿ.

ಹುರುಳಿ ಉಷ್ಣ, ಸೌತೆ ತಂಪು ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಇಲ್ಲಿ ಆ ಮಾತೂ ಕ್ಯಾಲರಿ ಲೆಕ್ಕವೂ ಒಂದೇ ಕಡೆ ಬಂದು ನಿಲ್ಲುತ್ತವೆ. ಹುರುಳಿಯಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನ್ ಇದೆ, ಸೌತೆ ಬಹುಪಾಲು ನೀರು. ಆದರೆ ಉಷ್ಣದ ಹೆಸರಲ್ಲಿ ದಿನಕ್ಕೆ ನಾಲ್ಕು ಲೋಟ ಶುಂಠಿ–ಮೆಣಸಿನ ಕಷಾಯ ಕುಡಿಯಬೇಡಿ. ಅದು ಕೊಡುವ ಶಾಖ ಅಲ್ಪ, ಹೊಟ್ಟೆಯುರಿ ಮಾತ್ರ ಗ್ಯಾರಂಟಿ.

ಹಂತ 5: ಉಣ್ಣುವ ಕ್ರಮ, ಉಂಡ ಮೇಲಿನ ಒಂದು ಗಂಟೆ

ಮೊದಲು ಬಿಸಿಯದು. ಒಂದು ಸಣ್ಣ ಲೋಟ ಮೆಣಸಿನ ಸಾರು ಅಥವಾ ಬೇಳೆಕಟ್ಟು ಕುಡಿದು ಊಟ ಶುರು ಮಾಡಿ. ಕೋಸಂಬರಿ ಬೇಕಿದ್ದರೆ ನಡುವೆ ತಿನ್ನಿ, ತರಕಾರಿ ಫ್ರಿಜ್ಜಿನಿಂದ ನೇರ ತಟ್ಟೆಗೆ ಬರಬಾರದು. ಮಜ್ಜಿಗೆ ಕೊನೆಗೆ, ಅದಕ್ಕೊಂದು ಇಂಗು–ಜೀರಿಗೆ ಒಗ್ಗರಣೆ. ಐಸ್ ನೀರು ಬೇಡ. "ತಣ್ಣೀರು ಕುಡಿದರೆ ಕ್ಯಾಲರಿ ಖರ್ಚಾಗುತ್ತದೆ" ಅನ್ನುವುದು ಸುಳ್ಳೇನಲ್ಲ, ಆದರೆ ಅರ್ಧ ಲೀಟರಿಗೆ ಬರೀ 16 ಕ್ಯಾಲರಿ. ಅಷ್ಟಕ್ಕೋಸ್ಕರ ನಡುಗುವುದು ಯಾಕೆ?

ಹೊತ್ತು ಮೀರಿ ಉಪವಾಸ ಇದ್ದವರಿಗೆ, ಅಂದರೆ 16 ಗಂಟೆ ಬಿಟ್ಟು ಮಧ್ಯಾಹ್ನ ಒಂದಕ್ಕೆ ಮೊದಲ ತುತ್ತು ತಿನ್ನುವವರಿಗೆ, ಊಟದ ಚಳಿ ಹೆಚ್ಚು ಗೊತ್ತಾಗಬಹುದು. ಹನ್ನೊಂದಕ್ಕೇ ಕೈ ತಣ್ಣಗಾಗಿರುತ್ತದೆ, ಊಟ ಅದನ್ನು ಇನ್ನೂ ಎಳೆಯುತ್ತದೆ. ಬಿಡುವಿನ ಅವಧಿಯನ್ನು 12 ಗಂಟೆಗೆ ಇಳಿಸಿ ಬೆಳಗ್ಗೆ ಬಿಸಿ ರಾಗಿ ಅಂಬಲಿ, ಒಂದು ಹಿಡಿ ಶೇಂಗಾ ತಿಂದು ನೋಡಿ. ಒಂದು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ಮತ್ತೆ ಹಳೇ ಕ್ರಮಕ್ಕೆ ಹೋಗಬಹುದು.

ಉಂಡ ಕೂಡಲೇ ಎಸಿಯ ಗಾಳಿ ನೇರ ಬೀಳುವ ಕುರ್ಚಿಗೆ ಹೋಗಿ ಕೂರಬೇಡಿ. 10–15 ನಿಮಿಷ ನಿಧಾನ ನಡೆಯಿರಿ. ಸ್ನಾಯು ಕೆಲಸ ಮಾಡಿದರೆ ತಕ್ಷಣ ಶಾಖ ಹುಟ್ಟುತ್ತದೆ, ಊಟದ ಸಕ್ಕರೆ ಏರಿಕೆಯೂ ತಗ್ಗುತ್ತದೆ. ಓಡಬೇಡಿ, ಹೊಟ್ಟೆಯ ರಕ್ತವನ್ನು ಕಾಲಿಗೆ ಎಳೆದರೆ ಜೀರ್ಣಕ್ಕೆ ಕಷ್ಟ. ಸಿಗರೇಟು ಬೆರಳಿನ ರಕ್ತನಾಳವನ್ನು ಬಿಗಿ ಮಾಡುತ್ತದೆ, ಅದನ್ನು ಹೇಳಬೇಕಾಗಿಯೇ ಇಲ್ಲ. ಫಿಲ್ಟರ್ ಕಾಫಿ, ಚಹಾ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಒಂದು ಮಾತು. ಹತ್ತು ಹದಿನೈದು ಕೆಜಿ ಇಳಿಸಿದವರಿಗೆ ಚರ್ಮದಡಿಯ ಕೊಬ್ಬು ಕಡಿಮೆಯಾಗಿ, ಮೊದಲಿಗಿಂತ ಸ್ವಲ್ಪ ಚಳಿ ಯಾವತ್ತೂ ಇರುತ್ತದೆ. ಅದಕ್ಕೆ ಸ್ವೆಟರ್ ಬಿಟ್ಟು ಬೇರೆ ಮದ್ದಿಲ್ಲ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿದರೆ ಸ್ನಾಯು ಉಳಿಯುತ್ತದೆ, ಅಷ್ಟರಮಟ್ಟಿಗೆ ಶಾಖವೂ ಉಳಿಯುತ್ತದೆ.

ಹಂತ 6: ಡಯಟ್ಟಿಗೆ ಬಿಡುವು ಕೊಡಿ

ಮೂರು ತಿಂಗಳಿಂದ ಬಿಡದೆ ಕಡಿಮೆ ತಿನ್ನುತ್ತಿದ್ದರೆ ಒಂದೆರಡು ವಾರ ತೂಕ ಏರದ, ಇಳಿಯದ ಮಟ್ಟಕ್ಕೆ ತಿನ್ನಿ. ನಮ್ಮ ಉದಾಹರಣೆಯ ಹೆಂಗಸಿಗೆ, ಅಷ್ಟರಲ್ಲಿ ಇಳಿದಿರುವ ತೂಕದ ಲೆಕ್ಕದಲ್ಲಿ, ಸುಮಾರು 1,700. ಅದು ಹಬ್ಬದ ಊಟ ಅಲ್ಲ, ಅದೇ ತಟ್ಟೆಯಲ್ಲಿ ಸ್ವಲ್ಪ ಜಾಸ್ತಿ ಮುದ್ದೆ, ಸ್ವಲ್ಪ ಜಾಸ್ತಿ ಕಾಳು. ನಿದ್ದೆ ಸುಧಾರಿಸಿ, ಕೈ ಬೆಚ್ಚಗಾದ ಮೇಲೆ ಮತ್ತೆ ಶುರು ಮಾಡಿ.

ಹಂತ 7: ಎರಡು ಮೂರು ವಾರಕ್ಕೂ ಹೋಗದಿದ್ದರೆ ಪರೀಕ್ಷೆ

ಸರಿಯಾಗಿ ತಿಂದರೂ ಚಳಿ ಹೋಗಲಿಲ್ಲ ಅಂದರೆ ತಟ್ಟೆಯ ಕೆಲಸ ಮುಗಿಯಿತು. ಮೊದಲ ಅನುಮಾನ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಡಯಟ್ ಶುರು ಮಾಡುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜನ ಕೊರತೆಯಲ್ಲಿರುತ್ತಾರೆ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದು ಸರಿ ಇದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಅದಕ್ಕೆ ಫೆರಿಟಿನ್ ನೋಡಬೇಕು. ಜೊತೆಗೆ ಥೈರಾಯ್ಡಿಗೆ ಟಿಎಸ್‌ಎಚ್, ಸಸ್ಯಾಹಾರಿಗಳಿಗೆ ವಿಟಮಿನ್ ಬಿ12, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ. ಕಬ್ಬಿಣದ ಮಾತ್ರೆಯನ್ನು ಪರೀಕ್ಷೆ ಇಲ್ಲದೆ ನೀವೇ ಶುರು ಮಾಡಬೇಡಿ.

ವೈದ್ಯರ ಬಳಿ ಹೋಗುವಾಗ ಹಂತ 1ರಲ್ಲಿ ಬರೆದ ಚೀಟಿ ಒಯ್ಯಿರಿ. ತಿಂಗಳಿಗೆ ಎಷ್ಟು ಕೆಜಿ ಇಳಿದಿರಿ, ಮುಟ್ಟು ಹೇಗಿದೆ, ಬಿಪಿಗೋ ಮೈಗ್ರೇನಿಗೋ ಮಾತ್ರೆ ಇದೆಯಾ ಅಂತ ಹೇಳಿ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳಿಂದಲೂ ಕೈಕಾಲು ತಣ್ಣಗಾಗುತ್ತದೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಹೆಚ್ಚಿನ ಡೋಸಿನ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು, ಹಾಗಾಗಿ ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿರಬೇಕು.